ನಾಯಿಗೆ ಹೊಂದುವ ನೆಲ

ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ಇನ್ನೊಮ್ಮೆ ಮೂಸಿದ. ವಾಸನೆ ಇಲ್ಲಿರಲಿಲ್ಲ. ಮಂಡಿಯ ಮೇಲೇ ಒಂದು ಗೇಣು ಮುಂದೆ ಸರಿದು, ಫ್ರಿಜ್ಜಿನ ಪಕ್ಕದ ಮೂಲೆಯಲ್ಲಿ, ಯಾರೋ ಕತ್ತು ಹಿಡಿದು ಅದುಮುತ್ತಿದ್ದಾರೆ ಎಂಬಂತೆ ಕಣ್ಣು ಮುಚ್ಚಿಕೊಂಡು ಮತ್ತೆ ಬಗ್ಗಿದ. ಇಲ್ಲಿತ್ತು. ಮರದ ಹಲಗೆಯಂತೆ ಕಾಣುವ, ಆದರೆ ಮರವಲ್ಲದ ಆ ಪಟ್ಟಿಗಳು ಸಂದುಗಳಲ್ಲಿ ತೇವ ಕುಡಿದು ಊದಿಕೊಂಡಿದ್ದವು. ಅಂಚುಗಳು ಜ್ವರ ಬಂದವರ ತುಟಿಯ ಹಾಗೆ ಸುಲಿದು ಮೇಲೆದ್ದಿದ್ದವು. ಬೆಣ್ಣೆ ಸವರುವ ಚಾಕುವಿನ ತುದಿಯನ್ನು ಸಂದಿಗೆ ತೂರಿಸಿ ಎಳೆದಾಗ ಕಂದುಬಣ್ಣದ ಮೆತ್ತನೆಯ ಪದಾರ್ಥವೊಂದು ಬಂತು. ಕೇಕಿನ ಪುಡಿ, ಕೂದಲು, ಸೋಪಿನ ಪಸೆ, ಎಲ್ಲ ಉಚ್ಚೆಯಲ್ಲಿ ನೆನೆದು ಒಂದೇ ಜೀವವಾಗಿ ಬೆಳೆದದ್ದು. ಮುಖ ಹಿಂದಕ್ಕೆಳೆದುಕೊಂಡ. ಆದರೂ ಚಾಕುವನ್ನು ಮೂಗಿನ ಹತ್ತಿರ ತಂದುಕೊಳ್ಳದೆ ಇರಲಾಗಲಿಲ್ಲ. ಹುಳುಕು ಹಲ್ಲಿನ ಕಡೆಗೇ ನಾಲಿಗೆ ಹೋಗುವ ಹಾಗೆ ಮೂಗು ತಾನಾಗಿ ಅತ್ತ ಹೋಗುತ್ತಿತ್ತು. ಅವನ ತಲೆಗಿಂತ ಸ್ವಲ್ಪ ಎತ್ತರದಲ್ಲಿ, ಓವೆನ್ನಿನೊಳಗೆ, ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಹೆಂಡತಿ ಆರ್ಡರು ಹಿಡಿದ ಕೇಕು ಬೇಯುತ್ತಿತ್ತು. ವೆನಿಲಾದ ಸಿಹಿ ಕೆಳಗಿಳಿದು ಬಂದು ಈ ವಾಸನೆಯ ಜೊತೆ ಬೆರೆತು, ಎರಡೂ ಸೇರಿ ಮೂರನೆಯದೊಂದಾಗಿ ಗಂಟಲಲ್ಲಿ ನಿಂತಿತು. ಹಿತ್ತಿಲ ಬಾಗಿಲ ಹೊಸ್ತಿಲಾಚೆ ನಾಯಿ ನಿಂತು ಅವನನ್ನೇ ನೋಡುತ್ತಿತ್ತು, ತಾನು ಮಾಡಬೇಕಾದ ಕೆಲಸವನ್ನು ಈ ಮನುಷ್ಯ ಯಾಕೆ ಹಚ್ಚಿಕೊಂಡಿದ್ದಾನೆ ಎಂಬಂತೆ. ಹೆಂಡತಿ ಕೇಕಿನ ಕ್ರೀಮು ಕಡೆಯುತ್ತಲೇ, ಮೂಸಿದರೆ ಹೋಗುವ ಹಾಗಿದ್ದರೆ ಎಂದೋ ಹೋಗಿರುತ್ತಿತ್ತು ಎಂದಳು. ಭಾನುವಾರ ಅಕ್ಕನ ಮನೆಯ ಭಾವ ನೆಲದ ಅಳತೆಗೆ ಬರುತ್ತಾರೆ, ಅಷ್ಟರೊಳಗೆ ಯಾವ ನೆಲ ಅನ್ನುವುದನ್ನು ಆರಿಸಿ ಮುಗಿಸಿ, ಎಂದಳು.

ಆ ಉಚ್ಚೆ ನಾಯಿಯದ್ದಲ್ಲ. ಅವನಿಗೆ ಗೊತ್ತಿತ್ತು, ಹೆಂಡತಿಗೆ ಗೊತ್ತಿತ್ತು, ನಾಯಿಗಂತೂ ಗೊತ್ತೇ ಇತ್ತು. ಅಪ್ಪನಿಗೆ ಗೊತ್ತಿದೆಯೋ ಇಲ್ಲವೋ ಅನ್ನುವುದೊಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಡುಗೆಮನೆಯನ್ನು ದೊಡ್ಡದು ಮಾಡಿಸಿದಾಗ, ಓವೆನ್ನಿಗೂ ದೊಡ್ಡ ಫ್ರಿಜ್ಜಿಗೂ ಜಾಗ ಬೇಕೆಂದು ಪಕ್ಕದ ಹಳೆಯ ಕಕ್ಕಸಿನ ಗೋಡೆ ಒಡೆಸಿ ಒಳಕ್ಕೆ ಸೇರಿಸಿಕೊಂಡಿದ್ದರು. ಹೊಸದನ್ನು ಹಜಾರದ ಆ ತುದಿಯಲ್ಲಿ ಕಟ್ಟಿಸಿದ್ದರು. ಅಪ್ಪನ ತಲೆ ಹೊಸ ಮನೆಯನ್ನು ಮರೆಯುತ್ತ ಬಂದ ಹಾಗೆ ಅವನ ಕಾಲು ಹಳೆಯ ಮನೆಯಲ್ಲೇ ಓಡಾಡತೊಡಗಿತು. ಕೋಣೆಯಿಂದ ಹೊರಟು, ಇಲ್ಲದ ಗೋಡೆಯೊಂದನ್ನು ಎಡಗೈಯಿಂದ ಸವರುವಂತೆ ಸವರಿ, ಫ್ರಿಜ್ಜಿನ ಪಕ್ಕದ ಮೂಲೆಗೆ ಹೋಗಿ, ತನ್ನ ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ ಕಕ್ಕಸಿನಲ್ಲಿ ನಿಲ್ಲುವ ಮನುಷ್ಯನ ನೆಮ್ಮದಿಯಿಂದ ನಿಲ್ಲುತ್ತಿದ್ದ. ಒಂದು ಮಧ್ಯಾಹ್ನ ಹೆಂಡತಿಯ ಅಕ್ಕ ಬಂದವಳು ಕಾಲುಚೀಲದಲ್ಲೇ ಒಳಗೆ ಬಂದು, ಆ ಮೂಲೆಯಲ್ಲಿ ಥಟ್ಟನೆ ಒಂದು ಕಾಲೆತ್ತಿ ನಿಂತುಬಿಟ್ಟಳು, ಕೊಕ್ಕರೆಯ ಹಾಗೆ. ಕಾಲುಚೀಲದಿಂದ ಹಳದಿ ಹನಿಯೊಂದು ತೊಟ್ಟಿಕ್ಕಿತು. ಹೆಂಡತಿ ರೆಪ್ಪೆ ಕೂಡ ಹೊಡೆಯದೆ, ಹಾಳು ನಾಯಿ ಅಕ್ಕಾ, ವಯಸ್ಸಾಗ್ತಾ ಬಂತು ಅದಕ್ಕೆ, ಅಂದಳು. ಆ ಮಾತು ಅಷ್ಟು ಸಲೀಸಾಗಿ, ಸಿದ್ಧವಾಗಿ ಇಟ್ಟುಕೊಂಡಿದ್ದ ಹಾಗೆ ಬಂದದ್ದಕ್ಕೆ ಅವನಿಗೆ ಅವಳ ಮೇಲೆ ಮೆಚ್ಚುಗೆಯೇ ಹುಟ್ಟಿತ್ತು; ಮೆಚ್ಚುಗೆಯ ಬೆನ್ನಿಗೇ ತನ್ನ ಮೇಲೆ ಅಸಹ್ಯ. ಹಜಾರದ ಕುರ್ಚಿಯಲ್ಲಿ ಕೂತಿದ್ದ ಅಪ್ಪ ತಲೆ ಎತ್ತಿರಲಿಲ್ಲ. ಅಂದಿನಿಂದ ಎಲ್ಲವೂ ನಾಯಿಯದ್ದಾಯಿತು. ಗಿಡ್ಡ ಕಾಲಿನ, ಉದ್ದ ಮೈಯ, ಕುಳ್ಳಿ ಎಂದು ಕರೆಸಿಕೊಳ್ಳುವ ಆ ಹೆಣ್ಣುನಾಯಿ ಮರಿಯಾಗಿದ್ದಾಗಲೂ ಒಮ್ಮೆಯೂ ಒಳಗೆ ಹೊಲಸು ಮಾಡಿದ್ದಿಲ್ಲ. ಬಾಗಿಲು ಕೆರೆದು, ತೆಗೆಯದಿದ್ದರೆ ಅಳುತ್ತ, ಹೊಟ್ಟೆ ನಡುಗಿಸಿಕೊಂಡು ಕಾಯುವ ಮರ್ಯಾದಸ್ಥೆ.

ಮಾತಾಗಿದ್ದದ್ದು ಆಚರಣೆಯಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಒಂದು ಬೆಳಿಗ್ಗೆ ಅವನು ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಅಡುಗೆಮನೆಗೆ ಬಂದಾಗ ಅಪ್ಪ ಮೂಲೆಯಲ್ಲಿ ನಿಂತಿದ್ದ, ಪೈಜಾಮದ ಒಂದು ಕಾಲು ತೊಡೆಯಿಂದ ಕೆಳಗೆ ಕಪ್ಪಾಗಿ ಅಂಟಿಕೊಂಡಿತ್ತು. ಅವನನ್ನು ಕಂಡದ್ದೇ ಅಪ್ಪ ತಿರುಗಿ, ಒಲೆಯ ಕೆಳಗೆ ಮಲಗಿದ್ದ ನಾಯಿಯತ್ತ ಬೆರಳು ತೋರಿಸಿ, "ಏನೇ ಕುಳ್ಳಿ ಇದು? ನಾಚಿಕೆ ಆಗಲ್ವಾ ನಿನಗೆ?" ಅಂದ. ಸುಳ್ಳು ಹೇಳುವವನ ದನಿಯಾಗಿರಲಿಲ್ಲ ಅದು. ನಂಬಿದವನ ದನಿಯೂ ಅಲ್ಲ. ಅವನು ಅಪ್ಪನ ಮುಖವನ್ನು ಹುಡುಕಿದ, ಎಲ್ಲಾದರೂ ಒಂದು ಬಿರುಕು ಕಂಡೀತೇ ಎಂದು. ಕಾಣಲಿಲ್ಲ. ಆಗ ಏನು ಮಾಡಬೇಕೋ ತೋಚದೆ, ಮೇಜಿನ ಮೇಲಿದ್ದ ಪೇಪರನ್ನು ಸುರುಳಿ ಸುತ್ತಿ ನಾಯಿಯ ಬೆನ್ನಿಗೆ ಬಾರಿಸಿದ. ಮೆಲ್ಲಗೆ ಹೊಡೆದಿದ್ದರೆ ಅಪ್ಪನಿಗೆ ನಾಟಕವೆಂದು ತಿಳಿದುಬಿಡುತ್ತದೆಂದು ಜೋರಾಗಿಯೇ ಹೊಡೆದ. ನಾಯಿ ಕುಂಯ್ ಎಂದು ಕೂಡ ಅನ್ನಲಿಲ್ಲ. ಕಿವಿ ಚಪ್ಪಟೆ ಮಾಡಿಕೊಂಡು, ಹೊಟ್ಟೆ ನೆಲಕ್ಕೆಳೆಯುತ್ತ ಹಿತ್ತಿಲಿಗೆ ಹೋಯಿತು. ಆಮೇಲೆ ಹೊಡೆಯುವ ಅಗತ್ಯವೇ ಬೀಳಲಿಲ್ಲ. ಮೂಲೆ ಒದ್ದೆಯಾದರೆ ಸಾಕು, ಯಾರೂ ಹೇಳದೆ ಎದ್ದು ಹೋಗಿ ಹೊಸ್ತಿಲಾಚೆ ನಿಲ್ಲುವುದನ್ನು ಅದು ಕಲಿಯಿತು. ಎಷ್ಟೋ ಸಲ ಹೆಂಡತಿಗೆ, ನೆಲ ಒರೆಸಬೇಕೆಂದು ತಿಳಿಯುತ್ತಿದ್ದದ್ದೇ ನಾಯಿ ಹೊರಗೆ ನಿಂತದ್ದನ್ನು ನೋಡಿ. ಮನೆಯವರ ಪೈಕಿ ಈ ಸುಳ್ಳನ್ನು ಅದರಷ್ಟು ನಿಷ್ಠೆಯಿಂದ ಪಾಲಿಸಿದವರು ಯಾರೂ ಇಲ್ಲ ಎಂದು ಅವನಿಗೆ ಅನಿಸುತ್ತಿತ್ತು. ಅನಿಸಿದಾಗೆಲ್ಲ ಬಿಸ್ಕತ್ತು ಕೊಡುತ್ತಿದ್ದ. ಅದು ಅವನ ಕೈಯಿಂದ ಬಿಸ್ಕತ್ತು ತೆಗೆದುಕೊಳ್ಳುವ ರೀತಿಯಲ್ಲಿ, ಬೆರಳಿಗೆ ಹಲ್ಲು ತಾಗದ ಹಾಗೆ ತುಟಿಯಲ್ಲಷ್ಟೇ ಕಚ್ಚುವ ಆ ನಯದಲ್ಲಿ, ಏನೋ ಕ್ಷಮಿಸಿದಂತಿದ್ದು ಅವನಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಕನ್ನಡಕದ ಅಂಗಡಿಯಲ್ಲಿ ಅವನ ಕೆಲಸ ಹಿಂದಿನ ಕೋಣೆಯಲ್ಲಿ. ಗಾಜಿನ ಅಂಚು ಅರೆಯುವುದು, ಚೌಕಟ್ಟಿಗೆ ಕೂರಿಸುವುದು, ಹಳೆಯ ಕನ್ನಡಕಗಳ ಸ್ಕ್ರೂ ಬಿಗಿಮಾಡಿ ತೊಳೆದು ಕೊಡುವುದು. ಜನ ತಮ್ಮ ಮುಖದ ಕೊಳೆಯನ್ನು ಎಷ್ಟು ಧೈರ್ಯವಾಗಿ ಅಪರಿಚಿತನ ಕೈಗೆ ಕೊಡುತ್ತಾರೆ ಅನ್ನುವುದು ಅವನಿಗೆ ಮೊದಮೊದಲು ಆಶ್ಚರ್ಯವಾಗಿತ್ತು. ಮೂಗಿನ ಮೇಲೆ ಕೂರುವ ಗುಂಡಿಗಳ ಹಿಂದೆ ಹಸಿರುಗಟ್ಟಿದ ಜಿಡ್ಡು, ಕಿವಿಯ ಹಿಂದೆ ಬಾಗುವ ತುದಿಯಲ್ಲಿ ಬೆವರು, ಎಣ್ಣೆ, ಹೊಟ್ಟು. ಅದನ್ನೆಲ್ಲ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ನಗುಮುಖದಿಂದ ಹಾಕಿ ನೋಡಿ ಸಾರ್ ಅನ್ನುತ್ತಾನೆ. ಊರವರ ಗಲೀಜಿಗೆ ನಗುವ ತಾನು ಸ್ವಂತ ತಂದೆಯದ್ದಕ್ಕೆ ವಾಕರಿಸುತ್ತೇನಲ್ಲ ಎಂದು ಈ ದಿನ ಬ್ರಶ್ಶು ಹಿಡಿದುಕೊಂಡೇ ಕೂತುಬಿಟ್ಟ. ಮಧ್ಯಾಹ್ನ ಅಂಗಡಿಯ ಕಕ್ಕಸಿನಲ್ಲಿ ನಿಂತಾಗ, ಮುಗಿಯಿತು ಎಂದುಕೊಂಡು ಗುಂಡಿ ಹಾಕಿದ ಮೇಲೂ ಒಂದು ಹನಿ ತೊಡೆಗಿಳಿದು ತಣ್ಣಗಾಯಿತು. ಆ ಚಿಕ್ಕ ತಣ್ಣನೆಯ ಜಾಗವನ್ನು ಬಟ್ಟೆಯ ಮೇಲಿಂದ ಒತ್ತಿ ಹಿಡಿದು ಕನ್ನಡಿಯಲ್ಲಿ ನೋಡಿಕೊಂಡರೆ, ಕೆಳತುಟಿಯ ಒಂದು ಬದಿ ಅಪ್ಪನದ್ದೇ. ಅಪ್ಪ ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡುವ ಆರೋಗ್ಯ ಇನ್ಸ್‌ಪೆಕ್ಟರಾಗಿದ್ದ. ಶಾಲೆಯಿಂದ ಬರುವಾಗ ಒಮ್ಮೆ ಅವನು ಅಪ್ಪನನ್ನು ಒಂದು ಹೋಟೆಲಿನ ಹಿಂಬಾಗಿಲಲ್ಲಿ ಕಂಡಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬೆನ್ನ ಹಿಂದೆ ಕಟ್ಟಿದ ಕೈ. ಮಾಲೀಕ, ಅಪ್ಪನಿಗಿಂತ ಎಷ್ಟೋ ದೊಡ್ಡವನು, ಮಂಡಿಯೂರಿ ತನ್ನದೇ ಅಡುಗೆಮನೆಯ ಮೂಲೆಗೆ ಬೆರಳು ಸವರಿ ಆ ಬೆರಳನ್ನು ಮೂಸುತ್ತಿದ್ದ. ಹೇಗಿದೆ ವಾಸನೆ, ಊಟ ಮಾಡಬಹುದಾ, ಎಂದು ಅಪ್ಪ ತೀರಾ ಮೆಲುದನಿಯಲ್ಲಿ ಕೇಳಿದ. ಆ ಮನುಷ್ಯ ತಲೆಯಲ್ಲಾಡಿಸಿದ. ಅಷ್ಟು ಮೆಲ್ಲಗೆ ಮಾತಾಡಿ ಅಷ್ಟು ದೊಡ್ಡ ಮನುಷ್ಯನನ್ನು ಅಷ್ಟು ಚಿಕ್ಕದು ಮಾಡಬಹುದೆಂದು ಕಂಡು ತನ್ನ ಎದೆ ಉಬ್ಬಿದ್ದು ಅವನಿಗೆ ಚೆನ್ನಾಗಿ ನೆನಪಿದೆ. ಹೀಗೆ ಯೋಚಿಸುತ್ತಲೇ ಯಾರದೋ ಗಾಜಿನ ಅಂಚನ್ನು ಬೇಕಾದ್ದಕ್ಕಿಂತ ಹೆಚ್ಚು ಅರೆದುಬಿಟ್ಟ. ಚೌಕಟ್ಟಿನಲ್ಲಿ ಅದು ಲೊಡಲೊಡ ಅಂದಿತು.

ಸಂಜೆ ಷಡ್ಡಕನ ಅಂಗಡಿಗೆ ಹೋದ. ಹೆಂಡತಿಯ ಅಕ್ಕನ ಗಂಡ ನೆಲಹಾಸಿನ ವ್ಯಾಪಾರಿ. ಊರೆಲ್ಲ ಅವನ ಟೈಲ್ಸು ತುಳಿಯುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಹೆಂಡತಿ ಕರೆಯುವ ಹಾಗೆ ಇವನೂ ಅವನನ್ನು ಭಾವ ಎಂದೇ ಕರೆಯುತ್ತಿದ್ದ. ಅವನು ಇವನನ್ನು ಕನ್ನಡಕ ಎನ್ನುತ್ತಿದ್ದ. ಒಳ್ಳೆಯವನು. ಒಳ್ಳೆಯತನವನ್ನು ಬೆನ್ನಿಗೆ ಗುದ್ದಿ ತೋರಿಸುವ ಜಾತಿಯವನು. ಗೋಡೆಗೊರಗಿಸಿದ್ದ ಹೊಳೆಯುವ ಟೈಲ್ಸಿನ ಹಲಗೆಗಳ ನಡುವೆ ನಡೆಯುತ್ತ, ತನ್ನ ಕಪ್ಪಿನ ಟೀಯನ್ನೇ ಒಂದರ ಮೇಲೆ ಸುರಿದು, ಎಣಿಸದೆ ಎಣಿಸಿದ ಹಾಗೆ ಬೆರಳು ಮಡಿಸುತ್ತ ನಿಂತು, ಆಮೇಲೆ ಕರವಸ್ತ್ರದಿಂದ ಒರೆಸಿ ತೋರಿಸಿದ. ಕಲೆ ಇಲ್ಲ. ನಾಯಿಯಿರುವ ಮನೆಗೆ ಇದನ್ನು ಬಿಟ್ಟರೆ ಇನ್ನೊಂದಿಲ್ಲ, ಉಗುರಿಗೆ ಗೀರು ಬೀಳುವುದಿಲ್ಲ, ಉಚ್ಚೆ ಒಳಗಿಳಿಯುವುದಿಲ್ಲ ಎಂದ. ಇವನು ಮುಂಗಾಲಿನಿಂದ ಹಲಗೆಯನ್ನು ಒತ್ತಿ ನೋಡಿದ. ಚಪ್ಪಲಿ ಸರ್ರನೆ ಹೋಯಿತು. ಒದ್ದೆಯಾದರೆ ಜಾರುತ್ತದಲ್ಲ ಎಂದದ್ದಕ್ಕೆ ಷಡ್ಡಕ, "ಜಾರಿದ್ರೆ ಜಾರ್ಲಿ ಬಿಡೋ, ನಾಲ್ಕು ಕಾಲು ಕೊಟ್ಟಿದಾನೆ ದೇವ್ರು. ಎರಡು ಜಾರಿದ್ರೆ ಇನ್ನೆರಡು ಇರುತ್ವೆ" ಅಂದು ತಾನೇ ನಕ್ಕ. ಸ್ವಲ್ಪ ಒರಟಾದ ಕಲ್ಲು ತೋರಿಸಿ ಎಂದು ಕೇಳಿದರೆ, ಒರಟು ಕಲ್ಲಿನ ತೂತಿಗೆ ಒಮ್ಮೆ ವಾಸನೆ ಇಳಿದರೆ ಮನೆ ಮಾರಿಕೊಂಡು ಹೋಗಬೇಕಷ್ಟೆ ಎಂದು ಬೈದ. ಗೋಡೆಗೆ ಎಷ್ಟೆತ್ತರ ಹಲಗೆ ಹತ್ತಿಸಲಿ ಎಂದು ಆಮೇಲೆ ಅವನು ಕೇಳಿದಾಗ, ಇವನು ಯೋಚಿಸದೆ ತನ್ನ ಮಂಡಿಗಿಂತ ಮೇಲೆ ಕೈಯಿಟ್ಟು ತೋರಿಸಿದ. ಅಲ್ಲಿಯವರೆಗೆ ಸಿಡಿಯುತ್ತದೆ ಎಂದ. ಷಡ್ಡಕ ಆ ಕೈಯನ್ನು ನೋಡಿದ, ಇವನ ಮುಖ ನೋಡಿದ. "ಅಲ್ವೋ, ನಿಮ್ಮ ಕುಳ್ಳಿ ನಿಂತ್ರೆ ಇಷ್ಟಿದೆ. ಅದೂ ಹೆಣ್ಣು. ಕೂತು ಹೊಯ್ಯೋ ನಾಯಿದು ಅಷ್ಟು ಮೇಲಕ್ಕೆ ಹೆಂಗೋ ಹಾರುತ್ತೆ?" ಇವನು ಕೈ ಕೆಳಗಿಳಿಸಿದ. ಹಾರುತ್ತೆ ಭಾವ, ಎಂದ. "ಹಂಗಿದ್ರೆ ಸರ್ಕಸ್‌ಗೆ ಸೇರಿಸು, ಅಡುಗೆಮನೇಲಿ ಯಾಕಿಟ್ಕೊಂಡಿದೀಯ" ಎಂದು ಷಡ್ಡಕ ಕೆಲಸದವರಿಗೆಲ್ಲ ಕೇಳಿಸುವ ಹಾಗೆ ನಕ್ಕ. ಇವನೂ ನಕ್ಕ, ಹಲ್ಲು ಒಣಗುವವರೆಗೆ.

ಹೊರಡುವಾಗ ಅಂಗಡಿಯ ಹಿಂಭಾಗದ ಮಬ್ಬಿನಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ್ದ ಬೂದುಬಣ್ಣದ ಹಾಸೊಂದು ಕಣ್ಣಿಗೆ ಬಿತ್ತು. ಬಿಚ್ಚಿಕೊಂಡಿದ್ದ ಅದರ ತುದಿಯ ಮೇಲೆ ಕಾಲಿಟ್ಟ. ಹಿಡಿಯಿತು. ಒರಟಲ್ಲ, ಆದರೂ ಪಾದವನ್ನು ಹಿಡಿದುಕೊಂಡಿತು, ಮಗುವನ್ನು ಸೊಂಟಕ್ಕೆ ಆನಿಸಿಕೊಂಡ ಹಾಗೆ. ಸಂದುಗಳೇ ಇರದ ಒಂದೇ ಹಾಸು. ಗೋಡೆಯ ಬುಡದಲ್ಲಿ ಮೇಲಕ್ಕೆ ಬಾಗಿಸಿ ಅಂಟಿಸಿದರೆ ಮೂಲೆಯೇ ಇರುವುದಿಲ್ಲ. ಅಪ್ಪ ಅದರ ಮೇಲೆ ನಡೆಯುವುದು ಅವನಿಗೆ ಕಂಡಿತು, ಬರಿಗಾಲಲ್ಲಿ, ಒದ್ದೆಯಲ್ಲಿ, ಬೀಳದೆ. ಇದು ಎಂದು ಬಾಯಿ ತೆರೆಯುವುದರೊಳಗೆ ಷಡ್ಡಕ ಕೂಗಿ ಹೇಳಿದ: ಅದು ಆಸ್ಪತ್ರೆಗೆ, ಮುದುಕರನ್ನ ಇಟ್ಟುಕೊಳ್ಳೋ ಆಶ್ರಮಕ್ಕೆ ಹೋಗೋ ಮಾಲು, ನಿನಗ್ಯಾಕೆ. ಕೆಂಡ ತುಳಿದವನಂತೆ ಕಾಲು ತೆಗೆದ. ಸುಮ್ಮನೆ ನೋಡಿದೆ ಅಂದ. ಬಸ್ಸಿನಲ್ಲಿ ನಿಂತುಕೊಂಡು ಬರುವಾಗ ಆ ಹಾಸಿನ ಹಿಡಿತ ಅಂಗಾಲಲ್ಲಿ ಉಳಿದಿತ್ತು. ಪಕ್ಕದವನ ಬೆವರು, ಎದುರಿನವಳ ಚೀಲದೊಳಗಿನ ಮೀನು, ಯಾರದೋ ಬಾಯಿಯ ಹುಳಿ, ಎಲ್ಲ ಒಂದೊಂದಾಗಿ ಬಿಡಿಸಿಕೊಂಡು ಮೂಗಿಗೆ ಬರುತ್ತಿದ್ದವು. ಈಚೆಗೆ ಹಾಗೇ ಆಗಿತ್ತು, ಲೋಕವೆಲ್ಲ ಒಂದೇ ಮೂಲೆಯಿಂದ ನಾರುವ ಹಾಗೆ.

ಹೆಂಡತಿಗೆ ಹೇಳಿದಾಗ ಅವಳು ಅಪ್ಪನ ಪೈಜಾಮಗಳನ್ನು ಬಕೆಟ್ಟಿನಲ್ಲಿ ಅದ್ದುತ್ತಿದ್ದಳು. ಇಲ್ಲಿಯವರೆಗೆ ಒಮ್ಮೆಯೂ ಮುಖ ಸಿಂಡರಿಸದೆ ಅವಳು ಆ ಕೆಲಸ ಮಾಡುತ್ತ ಬಂದಿರುವುದರಿಂದ ಅವಳೆದುರು ಅವನ ಬಾಯಿ ಅರ್ಧ ಕಟ್ಟಿದಂತೆಯೇ. ಆ ಬೂದು ಹಾಸೇ ಹಾಕಿಸೋಣ ಅಂದ. ಅವಳು ಕೈ ಕೊಡವಿ ಎದ್ದಳು. ಹಾಕಿಸಿದರೆ ಅಕ್ಕ ಕೇಳುತ್ತಾಳೆ, ಆಸ್ಪತ್ರೆ ನೆಲ ಯಾಕೆ ಅಂತ, ಏನು ಹೇಳಲಿ. ಈಗ ಬರುವ ಆರ್ಡರುಗಳೆಲ್ಲ ಅವಳ ಬಾಯಿಂದ ಬರುವಂಥವು. ನಾಯಿ ಅಂದರೆ ಜನ ಅಯ್ಯೋ ಪಾಪ ಅಂತಾರೆ. ಮನುಷ್ಯರು ಅಂದರೆ ಆ ಕೇಕು ಯಾರ ಗಂಟಲಲ್ಲಿ ಇಳಿಯುತ್ತೆ. ಅವನು, ಹೊಳೆಯುವ ಟೈಲ್ಸಿನ ಮೇಲೆ ಅಪ್ಪ ಬಿದ್ದರೆ, ಅಂದ. ಅವಳು ಮತ್ತೆ ಬಕೆಟ್ಟಿನತ್ತ ಬಗ್ಗಿ, "ಮಾವ ಅಡುಗೆಮನೆಗೆ ಬರೋದೇ ಇಲ್ಲವಲ್ರೀ, ನಮ್ಮ ಕಥೇಲಿ" ಅಂದಳು. ಕುಹಕವಿರಲಿಲ್ಲ ಆ ಮಾತಿನಲ್ಲಿ. ದಣಿವಿತ್ತು. ಹಾಸಿಗೆಗೆ ಬಿದ್ದಾಗ ಅವನಿಗೆ ಅಪ್ಪನ ಬೀಳುವಿಕೆ ಅದರ ಪಾಡಿಗೆ ಅದೇ ಬಂದು ಕಣ್ಣೆದುರು ನಿಂತಿತು, ಈಗತಾನೇ ತೊಳೆದ ಗಾಜಿನಲ್ಲಿ ನೋಡಿದಷ್ಟು ಸ್ಪಷ್ಟವಾಗಿ. ತನ್ನದೇ ಒದ್ದೆಯ ಮೇಲೆ ಅಪ್ಪನ ಹಿಮ್ಮಡಿ ಜಾರುತ್ತದೆ, ಸೊಂಟ ಮೊದಲು ನೆಲ ಮುಟ್ಟುತ್ತದೆ, ಒಣ ಕಡ್ಡಿ ಮುರಿದ ಸದ್ದು. ಆಮೇಲೆ ಬಿಳಿ ಬಟ್ಟೆಯವರು, ಕಬ್ಬಿಣದ ಮಂಚ, ಕೊಳವೆ, ಚೀಲ. ಒರೆಸುವ ಕೈಗಳೆಲ್ಲ ಸಂಬಳದ ಕೈಗಳು. ಮನೆಯಲ್ಲಿ ಒಣಗಿದ ನೆಲ. ತಾನು ಇದಕ್ಕೆ ಹೆದರುತ್ತಿಲ್ಲ, ಇದನ್ನು ಕಾಯುತ್ತಿದ್ದೇನೆ ಎಂದು ಹೊಳೆದಾಗ ಅವನು ಚಾದರವನ್ನು ಬಾಯಿಗೆ ಒತ್ತಿಕೊಂಡ. ವಾಕರಿಕೆ ಬರಬಹುದೆಂದು ಕಾದ. ಬರಲಿಲ್ಲ. ಅದೇ ಎಲ್ಲಕ್ಕಿಂತ ಹೇಸಿಗೆಯದಾಗಿತ್ತು.

ಭಾನುವಾರ ಷಡ್ಡಕ ಅಳತೆ ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದ. ಟೀ ಬೇಡ, ಮೊದಲು ಕೆಲಸ ಎಂದು ಫ್ರಿಜ್ಜನ್ನು ತಾನೇ ಎದೆಕೊಟ್ಟು ಸರಿಸಿದ. ಹಿಂದಿನ ಗೋಡೆಯ ಬಣ್ಣ ಗುಳ್ಳೆಯೆದ್ದು ಸುಲಿದಿತ್ತು. ಅದರ ಬುಡದಲ್ಲಿ ಹಳದಿ ಹರಳುಗಟ್ಟಿತ್ತು. ವಾಸನೆ ಬಿಸಿಯ ಹಾಗೆ ಎದ್ದು ಬಂದು ಮುಖಕ್ಕೆ ಹೊಡೆದಾಗ ಷಡ್ಡಕ ಕರವಸ್ತ್ರ ತೆಗೆದು ಮೂಗಿಗೆ ಹಿಡಿದ. ಹೆಂಡತಿ ಕಿಟಕಿ ತೆರೆಯುವ ನೆಪದಲ್ಲಿ ಆಚೆ ತಿರುಗಿಕೊಂಡಳು. ಇವನು ನೆಲ ನೋಡುತ್ತ ನಿಂತ. ಯಾವಾಗಲೋ ಒಂದು ಹೋಟೆಲಿನ ಹಿಂಬಾಗಿಲಲ್ಲಿ ಮಂಡಿಯೂರಿದ್ದವನ ಬೋಳು ನೆತ್ತಿ ಕಾರಣವಿಲ್ಲದೆ ನೆನಪಾಯಿತು; ಅವನ ಮಕ್ಕಳು ಆಗ ಎಲ್ಲಿದ್ದರೋ, ನೋಡಿದರೋ. ಷಡ್ಡಕ ಅಳೆಯುವುದನ್ನು ಬಿಟ್ಟು ನೆಟ್ಟಗೆ ನಿಂತ. ದನಿ ಇಳಿಸಿ, ಇದಕ್ಕೆ ಯಾವ ಟೈಲ್ಸು ಹಾಕಿದರೂ ಪ್ರಯೋಜನವಿಲ್ಲ ಎಂದ. ಕಾಯಿಲೆ ಇರುವುದು ನೆಲಕ್ಕಲ್ಲ. ಗೋಡೌನಿನಲ್ಲಿ ತನಗೊಂದು ನಾಯಿ ಬೇಕಾಗಿಯೇ ಇದೆ, ಕಾವಲಿನವನು ನೋಡಿಕೊಳ್ಳುತ್ತಾನೆ, ಅಲ್ಲಿ ಅದು ಎಲ್ಲಿ ಬೇಕಾದರೂ ಹೊಯ್ದುಕೊಳ್ಳಲಿ. "ಕುಳ್ಳೀನ ನನಗೆ ಕೊಟ್ಬಿಡು. ಇವತ್ತೇ ಕರ್ಕೊಂಡು ಹೋಗ್ತೀನಿ, ವ್ಯಾನಲ್ಲೇ ಬಂದಿದೀನಿ. ನಾಳೆ ಒಣ ನೆಲದ ಮೇಲೆ ಕೆಲಸ ಶುರು ಮಾಡಿಸೋಣ. ಇವಳ ಮುಖ ನೋಡೋ, ಎಷ್ಟು ಸೊರಗಿದಾಳೆ" ಎಂದ. ನಾಯಿ ಹೊಸ್ತಿಲಾಚೆಯೇ ನಿಂತಿತ್ತು. ತನ್ನ ಹೆಸರು ಕೇಳಿ ಬಾಲದ ತುದಿಯನ್ನಷ್ಟೇ ಅಲ್ಲಾಡಿಸಿತು.

ಇವನು ಹೆಂಡತಿಯನ್ನು ನೋಡಿದ. ಅವಳು ಬೇಡ ಅನ್ನಲಿ ಎಂದು ಕಾಯುತ್ತಿದ್ದ. ಅವಳ ಕಣ್ಣಲ್ಲೂ ಅದೇ ಕಾಯುವಿಕೆ. ನಾಯಿಯದ್ದಲ್ಲ ಎಂಬ ಒಂದು ಮಾತು ಸಾಕಿತ್ತು. ಆ ಮಾತು ಬಾಯಲ್ಲಿ ಸಿದ್ಧವಾಗಿಯೇ ಇತ್ತು, ನಾಲಿಗೆಯ ಮೇಲಿಟ್ಟುಕೊಂಡ ಕಹಿ ಮಾತ್ರೆಯ ಹಾಗೆ ಕರಗುತ್ತಲೂ ಇತ್ತು. ಆದರೆ ಅದನ್ನು ಉಗುಳಿದ ಮೇಲೆ ಷಡ್ಡಕನ ಮುಖದಲ್ಲಿ ಮೂಡಬಹುದಾದ ಮರುಕ, ಅವನು ಅಕ್ಕನಿಗೆ ಹೇಳುವಾಗಿನ ದನಿ, ಮಂಡಿಗಿಂತ ಮೇಲೆ ತಾನು ಕೈಯಿಟ್ಟು ತೋರಿಸಿದ್ದು ಅವನಿಗೆ ನೆನಪಾಗುವ ಆ ಗಳಿಗೆ. ಒಂದು ನಾಯಿ ಅಷ್ಟೇ, ಅಂದುಕೊಂಡ. ಗೋಡೌನು ದೊಡ್ಡದು. ನಾಯಿ ಹೋದ ಮೇಲೂ ನೆಲ ಒದ್ದೆಯಾದರೆ ಯಾರದ್ದೆನ್ನಬೇಕು ಅನ್ನುವ ಪ್ರಶ್ನೆ ಅವನಿಗೆ ಆಗ ಬರಲೇ ಇಲ್ಲ. ಇಷ್ಟು ದಿನ ಹೇಳಿ ಹೇಳಿ ಆ ಕ್ಷಣಕ್ಕೆ ಅವನೂ ನಂಬಿದ್ದ, ನಾಯಿ ಹೋದರೆ ಉಚ್ಚೆಯೂ ಹೋಗುತ್ತದೆ ಎಂದು. "ಸರಿ ಭಾವ" ಅಂದ. ಹಗ್ಗ ತಾನೇ ತಂದ. ನಾಯಿ ಕತ್ತು ಮುಂದೆ ಚಾಚಿ ಕಟ್ಟಿಸಿಕೊಂಡಿತು, ಹೊರಗೆ ಹೋಗೆನ್ನುವುದು ಅದಕ್ಕೆ ಹೊಸದಾಗಿರಲಿಲ್ಲ. ವ್ಯಾನಿನ ಹಿಂಬದಿಗೆ ಅದನ್ನು ಎತ್ತಿ ಕೂರಿಸುವಾಗ ಅದರ ಹೊಟ್ಟೆ ಅವನ ಅಂಗೈಗೆ ತಾಗಿತು. ಬೆಚ್ಚಗೆ, ಒಣಗಿ, ಶುಭ್ರವಾಗಿತ್ತು. ಬಾಗಿಲು ಹಾಕಿದ ಮೇಲೆ ಅದು ಬೊಗಳತೊಡಗಿತು.

ಒಳಗೆ ಬಂದರೆ ಅಪ್ಪ ಅಡುಗೆಮನೆಯ ನಡುವೆ ನಿಂತಿದ್ದ. ಬೊಗಳುವುದನ್ನು ಕೇಳಿ ಎದ್ದು ಬಂದಿರಬೇಕು. ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದ, ಕೈ ಬೆನ್ನ ಹಿಂದೆ. ಷಡ್ಡಕ, ಏನ್ ಇನ್ಸ್‌ಪೆಕ್ಟರ್ ಸಾಹೇಬ್ರೇ, ತಪಾಸಣೆನಾ, ಎಂದು ತಮಾಷೆ ಮಾಡಿ, ನಾಯಿಯನ್ನು ತಾನು ಕರೆದುಕೊಂಡು ಹೋಗುತ್ತಿರುವುದಾಗಿ, ಇನ್ನು ಮೇಲೆ ನೆಲ ಕನ್ನಡಿಯ ಹಾಗಿರುವುದಾಗಿ ಕಿವುಡರಿಗೆ ಹೇಳುವಂತೆ ಜೋರಾಗಿ ವಿವರಿಸಿದ. ಅಪ್ಪನ ಕಿವಿಗೆ ಏನೂ ಆಗಿರಲಿಲ್ಲ. ಅಪ್ಪ ಸರಿದ ಫ್ರಿಜ್ಜನ್ನು ನೋಡಿದ, ಬಯಲಾದ ಗೋಡೆಯನ್ನು ನೋಡಿದ, ಖಾಲಿ ಹೊಸ್ತಿಲನ್ನು ನೋಡಿದ. ನಾಯಿ ಏನು ಮಾಡಿತು ಎಂದು ಕೇಳಿದ. ಹೊರಗೆ ವ್ಯಾನಿನ ತಗಡಿಗೆ ಉಗುರು ಕೆರೆಯುವ ಸದ್ದು. ಆಗ ಅಪ್ಪ ಮೂಲೆಗೆ ಹೋಗಲಿಲ್ಲ. ಇಲ್ಲದ ಗೋಡೆಯನ್ನು ಸವರಲೂ ಇಲ್ಲ. ನಿಂತಲ್ಲೇ, ಷಡ್ಡಕನನ್ನು, ಸೊಸೆಯನ್ನು, ಕೊನೆಗೆ ಇವನನ್ನು ಒಬ್ಬೊಬ್ಬರಾಗಿ ನೋಡುತ್ತ ನಿಂತ. ಪೈಜಾಮದ ಮುಂಭಾಗದಲ್ಲಿ ಒಂದು ಕಪ್ಪು ಚುಕ್ಕೆ ಕಾಣಿಸಿಕೊಂಡು, ಅಗಲವಾಗಿ, ಎರಡೂ ಕಾಲಿಗೆ ಇಳಿಯಿತು. ಪಾದದ ಸುತ್ತ ನಿಧಾನವಾಗಿ ಹರಡಿ, ಉಬ್ಬಿದ ಅಂಚೊಂದನ್ನು ದಾಟಿ, ಷಡ್ಡಕನ ಬೂಟಿನತ್ತ ಹೊರಟಿತು. ಷಡ್ಡಕ ಒಂದು ಹೆಜ್ಜೆ ಹಿಂದೆ ಸರಿದ. ತಡೆಯಲಾರದೆ ಆದದ್ದೋ, ಬೇಕೆಂದೇ ಮಾಡಿದ್ದೋ ಎಂದು ಇವನು ಅಪ್ಪನ ಕಣ್ಣೊಳಗೆ ಹುಡುಕಿದ. ಆ ಕಣ್ಣುಗಳು ತೇಲುತ್ತಿರಲಿಲ್ಲ. ಇವನನ್ನೇ ನೋಡುತ್ತಿದ್ದವು, ರೆಪ್ಪೆ ಬಡಿಯದೆ.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಏನಾದರೂ ಆಡಲೇಬೇಕಿತ್ತು, ತಕ್ಷಣ, ಮೌನ ಇನ್ನೂ ಒಂದು ಬೆರಳಷ್ಟು ಹರಡುವ ಮೊದಲು. ಇವನು ಒಲೆಯ ಪಕ್ಕದ ಬಟ್ಟೆಯನ್ನು ಕಿತ್ತುಕೊಂಡು ಮುಂದೆ ಬಂದ, ಅಪ್ಪನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ. ಮಗುವಿಗೆ ಹೇಳುವಂಥ, ಗಿರಾಕಿಗೆ ಹೇಳುವಂಥ ನಗುದನಿಯಲ್ಲಿ, ಷಡ್ಡಕನಿಗೂ ಕೇಳಿಸುವ ಹಾಗೆ, "ನೀರು ಚೆಲ್ತು ಅಷ್ಟೇ, ಅಪ್ಪ. ನೀರು. ಬನ್ನಿ, ಬಟ್ಟೆ ಬದಲಾಯಿಸೋಣ" ಎಂದು ಕೈ ಚಾಚಿದ.

ಅಪ್ಪ ಆ ಕೈಯನ್ನು ಹಿಡಿಯಲಿಲ್ಲ.

"ನೀರಲ್ಲ" ಅಂದ.